ನಾಲ್ಕನೇ ಕದಕ್ಕೆ ಎತ್ತಿಟ್ಟ ಜಗಳ

ಈ ಪ್ರಯಾಣಕ್ಕೆ ಮೊದಲು ನನ್ನ ಗಂಡ ಕರಿಬಸಪ್ಪ ನಾಲ್ಕು ತಿಂಗಳ ಕಾಲ ನಾನು ಹೇಳಿದ್ದಕ್ಕೆಲ್ಲ ಹೂಂ ಎಂದರು. ಸಾರು ಚೆನ್ನಾಗಿಲ್ಲ ಎಂದರೆ ಹೂಂ. ಚೆನ್ನಾಗಿದೆ ಎಂದರೂ ಹೂಂ. ನಿಮ್ಮ ತಂಗಿ ಮಹಾ ಜಿಪುಣಿ ಎಂದೆ ಒಂದು ದಿನ, ಬೇಕೆಂದೇ. ಅದಕ್ಕೂ ಹೂಂ. ಬೇರೆ ಊರಿನ ಹೆಂಗಸಾಗಿದ್ದರೆ ಸಂತೋಷಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳೇನೋ. ನಮ್ಮ ಊರಿನಲ್ಲಿ ಗಂಡನಾದವನು ಹೂಂ ಎನ್ನತೊಡಗಿದರೆ ಅಕ್ಕಪಕ್ಕದವರು ಕಿಟಕಿ ಸ್ವಲ್ಪ ಮುಂದಕ್ಕೆ ಮಾಡಿಕೊಂಡು ಪಿಸುಗುಡುತ್ತಾರೆ.

ಇದಕ್ಕೆ ಕಾರಣ ಕದಗಳು. ನಮ್ಮ ಊರು ಕೆಳಕೆರೆಯ ದಂಡೆಯಲ್ಲಿದೆ. ಅಲ್ಲಿಂದ ಒಂದು ಕಾಲುವೆ ಬೆಟ್ಟದ ಪಕ್ಕೆ ಹಿಡಿದು ನಡುಕೆರೆಗೆ, ನಡುಕೆರೆಯಿಂದ ಮೇಲ್ಕೆರೆಗೆ ಹತ್ತುತ್ತದೆ. ಹತ್ತುವ ದಾರಿಯಲ್ಲಿ ನಾಲ್ಕು ಕದಗಳಿವೆ. ಕದ ಎಂದರೆ ಹಿಂದೊಂದು ಮುಂದೊಂದು ದಪ್ಪ ಮರದ ಬಾಗಿಲು, ನಡುವೆ ಮೂರು ನಾಲ್ಕು ದೋಣಿ ಹಿಡಿಯುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ದೋಣಿಯವರು ಜಗಳವಾಡುತ್ತಾರೆ, ನೀರು ಏರುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಜಗಳ ನಿಂತರೆ ನೀರೂ ನಿಲ್ಲುತ್ತದೆ. ಒಬ್ಬರೇ ಕೂಗಾಡಿದರೆ ಆಗದು, ಎದುರು ಮಾತು ಬೇಕು. ನಾಟಕದ ಜಗಳಕ್ಕೆ ನೀರು ಕದಲುವುದಿಲ್ಲ. ಒಮ್ಮೆ ಆಡಿ ಮುಗಿಸಿದ ಜಗಳವನ್ನು ಮತ್ತೊಂದು ಕದದಲ್ಲಿ ಆಡಿದರೂ ಕದಲುವುದಿಲ್ಲ. ಇಳಿಯುವಾಗ ಇಷ್ಟೆಲ್ಲ ಬೇಡ. ಇಬ್ಬರು ಸುಮ್ಮನೆ ಕುಳಿತರೆ ನೀರು ತಾನಾಗಿ ಇಳಿಯುತ್ತದೆ. ಆದರೆ ಹತ್ತಲಿ ಇಳಿಯಲಿ, ಒಬ್ಬರೇ ಕೂತ ದೋಣಿಗೆ ಬಾಗಿಲು ತೆರೆಯುವುದಿಲ್ಲ. ಅಂಥವರಿಗೆ ಬೆಟ್ಟದ ಮೆಟ್ಟಿಲುಗಳೇ ಗತಿ.

ಹಾಗಾಗಿ ನಮ್ಮ ಊರಿನ ಮನೆಗಳಲ್ಲಿ ಜಗಳ ಕೇಳಿಸುವುದಿಲ್ಲ. ಯಾರೂ ಅದನ್ನು ಮನೆಯಲ್ಲಿ ಹಾಳು ಮಾಡುವುದಿಲ್ಲ. ಅನ್ನ ಸೀದರೆ ಗಂಡ ಹಲ್ಲು ಕಚ್ಚಿಕೊಂಡು ಉಂಡು, ಇದು ಎರಡನೇ ಕದಕ್ಕಿರಲಿ ಎಂದು ಎತ್ತಿಡುತ್ತಾನೆ. ಹೆಂಡತಿಯ ಬಳಿ ಅಂಥವು ಹತ್ತಿರುತ್ತವೆ. ಎತ್ತಿಟ್ಟವರ ಮುಖ ನೋಡಿದರೇ ಗೊತ್ತಾಗುತ್ತದೆ, ಉಬ್ಬಿರುತ್ತದೆ. ಕರಿಬಸಪ್ಪನವರ ಮುಖ ಉಬ್ಬಿರಲಿಲ್ಲ. ಅವರು ಏನನ್ನೂ ಎತ್ತಿಡುತ್ತಿರಲಿಲ್ಲ, ಸುಮ್ಮನೆ ಒಪ್ಪಿಬಿಡುತ್ತಿದ್ದರು.

ಇದೇ ಮನುಷ್ಯ ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ತಣ್ಣಗಾಗಿದೆ ಎಂದಿದ್ದರು. ಹೇಳಿದ ಹೊತ್ತಿಗೆ ಬಂದಿದ್ದರೆ ಬಿಸಿ ಇರುತ್ತಿತ್ತು ಎಂದೆ. ಹೊತ್ತಿಗೆ ಸರಿಯಾಗೇ ಬಂದಿದ್ದೇವೆ, ನಿಮ್ಮ ಗಡಿಯಾರ ಕೆಟ್ಟಿದೆ ಎಂದರು. ಎರಡೂ ಕಡೆಯ ಹಿರಿಯರು ಮುಖ ಮುಖ ನೋಡಿಕೊಂಡು, ಇನ್ನೇನು ಯೋಚನೆ, ಎಂದು ಅಲ್ಲೇ ತಾಂಬೂಲ ಬದಲಾಯಿಸಿದರು. ಮದುವೆಯಾಗಿ ಎಂಟನೇ ದಿನ ನಾವು ಮೂರನೇ ಕದದಲ್ಲಿ ಆಡಿದ ಜಗಳಕ್ಕೆ ನೀರು ತೊಟ್ಟಿ ಮೀರಿ ಹರಿದು ಕದ ಕಾಯುವ ಮೈಲಾರಿಯ ಚಪ್ಪಲಿ ತೇಲಿಸಿಕೊಂಡು ಹೋಗಿತ್ತು. ಅವನು ಇನ್ನೂ ಅದನ್ನು ಹೇಳಿಕೊಂಡು ತಿರುಗುತ್ತಾನೆ. ಜಗಳಕ್ಕೆ ವಸ್ತುವೂ ಹುಡುಕಬೇಕಾಗಿರಲಿಲ್ಲ. ಕರಿಬಸಪ್ಪ ಕಸುಬಿನಲ್ಲಿ ದರ್ಜಿ. ಊರಿನ ಹೆಂಗಸರಿಗೆಲ್ಲ ಒಪ್ಪುವಂತೆ ಹೊಲಿದುಕೊಡುವ ಈ ಮಹಾಶಯರು ನಲವತ್ತು ವರ್ಷದಲ್ಲಿ ನನಗೆ ಮೈಗೆ ಕೂರುವ ಒಂದು ರವಿಕೆ ಹೊಲಿದವರಲ್ಲ.

ಅಂಥವರು ಹೂಂಗುಟ್ಟತೊಡಗಿದಾಗ ನಾನು ಮೊದಲು ನಕ್ಕೆ, ಆಮೇಲೆ ರೇಗಿದೆ, ಆಮೇಲೆ ನನಗೆ ಹೆದರಿಕೆಯಾಯಿತು. ನನ್ನ ಮಾತಿಗೆ ಎದುರಾಡುವಷ್ಟು ಬೆಲೆಯೂ ಉಳಿದಿಲ್ಲವೇನೋ ಎನ್ನಿಸಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವ ದಪ್ಪ ಹೆಂಗಸು, ಇನ್ನೆಷ್ಟು ದಿನ ಇವಳ ಜೊತೆ ಗುದ್ದಾಡಲಿ ಎಂದು ಕೈಬಿಟ್ಟಿದ್ದಾರೆ ಎಂದುಕೊಂಡೆ. ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಹೂಂ ಎಂದುಬಿಡುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, "ಹಾಲಿ, ಮದುವೆಯಾಗಿ ನಲವತ್ತು ವರ್ಷ ಆಯ್ತಲ್ಲ. ದೋಣೀಲಿ ಮೇಲ್ಕೆರೆ ತನಕ ಹೋಗಿ ಎಲ್ಲ ನೋಡ್ಕೊಂಡ್ ಬರೋಣ" ಎಂದರು. ಹಾಲಮ್ಮ ಎಂಬ ನನ್ನ ಹೆಸರು ಅವರ ಬಾಯಲ್ಲಿ ಹಾಲಿ.

"ಏನ್ ನೋಡೋದು?"

"ಕೆರೆ. ಗುಡ್ಡ. ಹಕ್ಕಿ ಪಕ್ಕಿ."

"ನಮ್ಮನೆ ಹಿತ್ಲಾಗೇ ಕೆರೆ ಐತೆ. ಹಕ್ಕಿ ನಮ್ ಮೆಣಸಿನ್ಕಾಯಿ ತಿಂತಾವೆ. ಅದನ್ನ ನೋಡೋಕೆ ನಾಲ್ಕು ಕದ ಹತ್ಬೇಕಾ?"

"ಹೂಂ, ನೀ ಹೇಳೋದು ಸರಿ," ಎಂದರು. ಆದರೂ ಹೊರಡುವ ದಿನ ಗೊತ್ತು ಮಾಡಿಬಿಟ್ಟಿದ್ದರು. ಗುರುವಾರವೇ ಆಗಬೇಕು, ಬೆಳಗ್ಗೆ ಎಂಟಕ್ಕೇ ಆಗಬೇಕು. ಶುಕ್ರವಾರದಿಂದ ಹೂಳು ತೆಗೆಯಲು ಒಂದು ತಿಂಗಳು ಕದಗಳಿಗೆ ಬೀಗ. ವಾಪಸ್ಸು ಬರುವುದು ಹೇಗೆ ಎಂದೆ, ಅದಕ್ಕೂ ಹೂಂ.

ಹೊರಗಿನಿಂದ ಬರುವವರಿಗೆ ಈ ದೃಶ್ಯದ ಹುಚ್ಚಿದೆ. ನಾವು ಕೆರೆ ಎಂದರೆ ಅವರು ಸರೋವರ ಎನ್ನುತ್ತಾರೆ, ಅದೂ ಕತ್ತು ಓರೆ ಮಾಡಿಕೊಂಡು. ಒಂದು ಬಕಪಕ್ಷಿ ಒಂಟಿ ಕಾಲಲ್ಲಿ ನಿಂತರೆ ಐವತ್ತು ಫೋಟೋ ತೆಗೆಯುತ್ತಾರೆ. ಪಾಪದ ಹಕ್ಕಿಗೆ ಇನ್ನೊಂದು ಕಾಲು ಇಳಿಸಲೂ ಸಂಕೋಚ. ನನ್ನ ಗಂಡನೂ ಈ ಗುಂಪಿಗೆ ಸೇರಿದರಲ್ಲ ಎಂದು ನನಗೆ ನಾಚಿಕೆಯಾಯಿತು.

ಗುರುವಾರ ದೋಣಿಗೆ ಸಾಮಾನು ತುಂಬಿದರು. ಎರಡು ಜಮಖಾನೆ, ಫ್ಲಾಸ್ಕು, ಚಿತ್ರಾನ್ನದ ಡಬ್ಬಿ, ಎಂಟು ಮೂಸಂಬಿ. ಒಂದು ದಿನದ ದೃಶ್ಯಕ್ಕೆ ನನ್ನ ಆರು ಸೀರೆ. ಜೊತೆಗೊಂದು ಕಂದು ಬಣ್ಣದ ಚೀಲ, ಅದರ ಬಾಯಿಗೆ ಪುಟ್ಟ ಬೀಗ. ಅದನ್ನು ತಮ್ಮ ಕಾಲ ನಡುವೆಯೇ ಇಟ್ಟುಕೊಂಡರು. ನಾನು ಕೈ ಚಾಚಿದರೆ ಕಾಲು ಮುಂದೆ ತಂದರು. ಏನದು ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಒಳ್ಳೆಯ ಜಗಳವನ್ನು ದಂಡೆಯ ಮೇಲೇ ಖರ್ಚು ಮಾಡುವ ಪೆದ್ದಿಯಲ್ಲ. ನಾಲ್ಕನೇ ಕದ ಎಲ್ಲಕ್ಕಿಂತ ಆಳ. ಚೀಲದ ವಿಚಾರವನ್ನು ಅದಕ್ಕೆ ಎತ್ತಿಟ್ಟು ಬಾಯಿಮುಚ್ಚಿ ಕುಳಿತೆ.

ಮೊದಲನೇ ಕದದಲ್ಲಿ ನಮ್ಮ ಜೊತೆ ಇನ್ನೊಂದು ದೋಣಿ ಇತ್ತು. ಹೊರಗಿನವರು, ಹೊಸದಾಗಿ ಮದುವೆಯಾದವರು, ಹುಡುಗನ ಕೊರಳಲ್ಲಿ ಕ್ಯಾಮೆರಾ, ಹುಡುಗಿಯ ತಲೆ ಮೇಲೆ ಮೊರದಗಲದ ಟೋಪಿ. ಹಿಂದಿನ ಬಾಗಿಲು ಮುಚ್ಚಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರು ಮಾಡಿದೆ. "ಏನ್ರಿ, ಹೋದ ವರ್ಷ ನಮ್ಮಣ್ಣ ಬಂದಾಗ ಅಂಗ್ಡೀಲೇ ಕೂತಿದ್ರಲ್ಲ, ಮನೆಗೆ ಬಂದು ಮಾತಾಡ್ಸೋಕೆ ಏನಾಗಿತ್ತು ನಿಮ್ಗೆ?"

ಇದು ಒಂದು ವರ್ಷ ಜೋಪಾನ ಮಾಡಿದ ಜಗಳ. ಕರಿಬಸಪ್ಪ ತಲೆ ತಗ್ಗಿಸಿ, "ತಪ್ಪಾಯ್ತು ಹಾಲಿ. ಬರ್ಬೇಕಿತ್ತು" ಎಂದರು. ನೀರು ಸೂಜಿಯಷ್ಟೂ ಏಳಲಿಲ್ಲ. ಕದ ಕಾಯುವವನು ನಮ್ಮನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯಲಾರೆ. ಅದು ಕನಿಕರ.

ಆಗ ಆ ಹುಡುಗ ಜೇಬಿನಿಂದ ಒಂದು ಚೀಟಿ ತೆಗೆದು ಓದತೊಡಗಿದ. ನೀನು ಬೆಳಗ್ಗೆ ತಡವಾಗಿ ಏಳುತ್ತೀ. ನಿನಗೆ ಅಡುಗೆ ಬರುವುದಿಲ್ಲ. ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ ಒಂದೊಂದೇ ಓದಿದ. ಹುಡುಗಿ ನಗುತ್ತಾ ಉತ್ತರ ಕೊಟ್ಟಳು. ನೀರು ಯಾಕೆ ಏಳುತ್ತದೆ? ನಾನು ಅತ್ತ ಮುಖ ತಿರುಗಿಸಿದೆ. ಐದನೆಯದಕ್ಕೆ ಬರುವ ಹೊತ್ತಿಗೆ ಹುಡುಗಿ ಚೀಟಿಯನ್ನು ಕಸಿದುಕೊಂಡು ನೋಡಿದಳು.

"ಇದು ನಿಮ್ಮಮ್ಮನ ಅಕ್ಷರ."

"ಅಮ್ಮ ಸುಮ್ನೆ ಹೆಲ್ಪ್ ಮಾಡಿದ್ರು ಅಷ್ಟೇ."

"ನಿಮ್ಮಮ್ಮ ನನ್ನ ತಪ್ಪುಗಳ ಪಟ್ಟಿ ಬರ್ಕೊಟ್ಟಿದಾರಾ? ಹನ್ನೆರಡು!"

"ಹನ್ನೆರಡೇ ಅಲ್ವಾ?" ಎಂದ ಆ ದಡ್ಡ. ತೊಟ್ಟಿಯ ನೀರು ಹಾಲು ಉಕ್ಕಿದಂತೆ ಮೇಲೆದ್ದಿತು. ನಮ್ಮ ದೋಣಿಯೂ ಅದರೊಂದಿಗೆ ಎದ್ದಿತು. ಕರಿಬಸಪ್ಪ ಸಮಾಧಾನದ ಉಸಿರು ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಮೈಲಾರಿಯ ಚಪ್ಪಲಿ ತೇಲಿಸಿದ ದಂಪತಿ ಈಗ ಬೇರೆಯವರ ಜಗಳದಲ್ಲಿ ಮೇಲೆ ಬರುವ ಗತಿಗೆ ಇಳಿದಿದ್ದೆವು.

ಎರಡನೇ ಕದದಲ್ಲೂ ಅದೇ ಕಥೆ. ಅಲ್ಲಿ ಸೊಪ್ಪಿನ ದೋಣಿಯ ಅಣ್ಣತಮ್ಮಂದಿರು, ಚೌಡಪ್ಪ ಮತ್ತು ಹೊನ್ನಪ್ಪ, ನಮಗಾಗಿ ಕಾದವರಂತೆ ನಿಂತಿದ್ದರು. ಇವರ ಗದ್ದೆಯ ಬದುವಿನ ಮೇಲೆ ಒಂದು ಹುಣಸೆಮರವಿದೆ. ಅದು ಯಾರದೆಂದು ಇಪ್ಪತ್ತೇಳು ವರ್ಷದಿಂದ ತೀರ್ಮಾನವಾಗಿಲ್ಲ. ತೀರ್ಮಾನ ಮಾಡಿಕೊಡಲು ಹೋದ ಪಂಚರನ್ನು ಇಬ್ಬರೂ ಸೇರಿ ಓಡಿಸಿದ್ದರು, ಮರದ ವ್ಯಾಜ್ಯ ಮುಗಿದರೆ ಸೊಪ್ಪು ಮೇಲೆ ಹೋಗುವುದು ಹೇಗೆ? ದಿನಕ್ಕೊಂದು ಕೊಂಬೆ ಹಿಡಿದು ಹೊಸದಾಗಿ ಜಗಳವಾಡುತ್ತಾರೆ. ಅವತ್ತು ದಕ್ಷಿಣದ ಕೊಂಬೆಯ ಸರದಿ. ನಾವಿಬ್ಬರೂ ತುಟಿಪಿಟಿಕ್ಕೆನ್ನದೆ ಕುಳಿತು ಹುಣಸೆಯ ಕೊಂಬೆಯ ಮೇಲೆ ನಡುಕೆರೆಗೆ ಏರಿದೆವು.

ನಡುಕೆರೆಯಲ್ಲಿ ತಾವರೆ ಇದೆ, ದ್ವೀಪದಲ್ಲಿ ಮಂಟಪವಿದೆ, ನೀರಿನಲ್ಲಿ ಗುಡ್ಡದ ನೆರಳು ಬೀಳುತ್ತದೆ. ಹೊಸ ಜೋಡಿ ಅಲ್ಲೇ ಇಳಿದು ಮೂತಿ ಉಬ್ಬಿಸಿಕೊಂಡೇ ಒಬ್ಬರದೊಬ್ಬರು ಫೋಟೋ ತೆಗೆಯುತ್ತಿತ್ತು. ಸೊಪ್ಪಿನವರು ಸಂತೆಗೆ ಹೋದರು. ನಾವು ಚಿತ್ರಾನ್ನ ತಿಂದೆವು. ಕರಿಬಸಪ್ಪ ಮೂಸಂಬಿ ಸುಲಿದು, ಬಿಳಿ ನಾರನ್ನೂ ಬಿಡಿಸಿ, ಒಂದೊಂದೇ ತೊಳೆ ನನ್ನ ಕೈಗೆ ಕೊಟ್ಟರು. ನಲವತ್ತು ವರ್ಷದಲ್ಲಿ ಒಂದು ಬಾಳೆಹಣ್ಣು ಸುಲಿದು ಕೊಟ್ಟವರಲ್ಲ.

"ಕೆರೆ ಗಲೀಜಾಗೈತೆ," ಎಂದೆ.

"ಹೂಂ, ಗಲೀಜು."

"ಇಲ್ಲ, ಚೆನ್ನಾಗೈತೆ."

"ಹೂಂ. ನೀ ಸುಧಾರಿಸ್ಕೋ. ಮಾತಾಡ್ಬ್ಯಾಡ ಜಾಸ್ತಿ." ಅವರ ಕಣ್ಣು ಕೆರೆಯ ಮೇಲಿರಲಿಲ್ಲ. ಕಾಲುವೆಯ ಬಾಯಿಯತ್ತ ನೋಡುತ್ತಿದ್ದರು. ಟಪಾಲು ದೋಣಿ ಬರುತ್ತದೆಯೇ ಎಂದು ದಾರಿಹೋಕರನ್ನೆಲ್ಲ ಕೇಳಿದರು. ಬೀಗ ಬೀಳುತ್ತದೆಂದು ಅದು ಬೆಳಗ್ಗೆಯೇ ಮೇಲೆ ಹೋಗಿದೆ ಎಂದು ತಿಳಿದಾಗ ಅವರ ಕೈಯಲ್ಲಿದ್ದ ಮೂಸಂಬಿ ನೀರಿಗೆ ಬಿತ್ತು. ಒಂದು ಟಪಾಲು ದೋಣಿಗೆ ಇಷ್ಟು ಸಂಕಟಪಡುವ ಮನುಷ್ಯ ನನಗಾಗಿ ಯಾವತ್ತಾದರೂ ಸಂಕಟಪಟ್ಟಿದ್ದಾರೆಯೇ ಎಂದುಕೊಂಡೆ.

ಮೂರನೇ ಕದಕ್ಕೆ ನಾವಿಬ್ಬರೇ ಹೋದೆವು. ಮೇಲಿನ ಎರಡು ಕದಗಳನ್ನೂ ಮೈಲಾರಿಯೇ ನೋಡಿಕೊಳ್ಳುತ್ತಾನೆ. ನಮ್ಮನ್ನು ಕಂಡು ಅವನ ಮುಖ ಅರಳಿತು. "ಬರ್ರಿ ಕರಿಬಸಣ್ಣ, ಬಾರಕ್ಕ! ನೀವಾದ್ರೆ ಐದು ನಿಮಿಷದ ಕೆಲ್ಸ. ತಡೀರಿ, ಚಪ್ಲಿ ಎತ್ತಿಡ್ತೀನಿ," ಎಂದು ನಿಜವಾಗಿಯೂ ಚಪ್ಪಲಿಯನ್ನು ಗೋಡೆಯ ಮೇಲಿಟ್ಟ. "ಐದಕ್ಕೆ ನಾಲ್ಕನೇ ಕದದ ಬೀಗ ಹಾಕ್ಬೇಕು. ಈಗ ಮೂರೂವರೆ. ಬೇಕಾದಷ್ಟು ಹೊತ್ತೈತೆ."

ಬಾಗಿಲು ಮುಚ್ಚಿತು. ಕಲ್ಲಿನ ಗೋಡೆಗಳ ನಡುವೆ, ಪಾಚಿಯ ವಾಸನೆಯಲ್ಲಿ, ಇಬ್ಬರೇ. ಕರಿಬಸಪ್ಪ ಗಂಟಲು ಸರಿಮಾಡಿಕೊಂಡು, ನನ್ನ ಎದೆಯ ಕಡೆಗೇ ಕಣ್ಣಿಟ್ಟು, ಭಜನೆಗೆ ಕೂತವರ ದನಿಯಲ್ಲಿ ಹೇಳಿದರು. "ನಿನ್ ಚಿತ್ರಾನ್ನಕ್ಕೆ ಹುಳಿ ಕಮ್ಮಿ ಇತ್ತು ಹಾಲಿ." ನಾನು ಬಾಯಿ ತೆರೆಯುವ ಮೊದಲೇ, "ಆದ್ರೂ ರುಚಿ ಇತ್ತು," ಎಂದು ಸೇರಿಸಿದರು.

ಮೈಲಾರಿ ಗೋಡೆಯ ಮೇಲಿಂದ ಬಗ್ಗಿ ನೋಡಿದ. ನೀರು ಸತ್ತಂತೆ ಬಿದ್ದಿತ್ತು. ಇಷ್ಟು ವರ್ಷದ ಮಾನ ಆ ತೊಟ್ಟಿಯ ತಳದಲ್ಲಿ ಹೋಗುತ್ತಿತ್ತು. ನನ್ನ ಬಳಿ ಉಳಿದಿದ್ದುದರಲ್ಲಿ ದೊಡ್ಡದು ಒಂದೇ. ಅದನ್ನು ನಾಲ್ಕನೇ ಕದಕ್ಕೆಂದು ಎತ್ತಿಟ್ಟಿದ್ದೆ, ಆದರೆ ಮೂರನೆಯದನ್ನೇ ದಾಟದವರಿಗೆ ನಾಲ್ಕನೆಯದು ಎಲ್ಲಿ ಬರಬೇಕು? ಅವರ ಕಾಲ ನಡುವಿನಿಂದ ಚೀಲವನ್ನು ಎಳೆದುಕೊಂಡೆ. ಬೀಗ ಪುಟ್ಟದು, ಹೊಲಿಗೆಯೂ ಅವರದೇ. ಒಂದು ಜಗ್ಗಿಗೆ ಬಾಯಿ ಕಿತ್ತು ಬಂತು.

ಒಳಗೆ ಒಂದು ದೊಡ್ಡ ಲಕೋಟೆ, ಅದರಲ್ಲಿ ಎಕ್ಸ್‌ರೇ, ಕಾಗದಗಳು. ಮೇಲ್ಕೆರೆಯ ದೊಡ್ಡಾಸ್ಪತ್ರೆಯ ಕಾಗದ. ಹೆಸರು ಹಾಲಮ್ಮ, ವಯಸ್ಸು ಅರವತ್ತೊಂದು. ಅದರ ಕೆಳಗೆ ಆರು ರವಿಕೆಗಳು, ಮೆತ್ತನೆಯ ಹತ್ತಿ ಬಟ್ಟೆ, ಎಲ್ಲಕ್ಕೂ ಮುಂದುಗಡೆ ಮೇಲಿನಿಂದ ಕೆಳಗಿನ ತನಕ ಗುಂಡಿ, ಹೊಲಿಗೆ ಎದೆಗೆ ಒತ್ತದಂತೆ ಹೊರಕ್ಕೆ ಮಡಿಚಿದ್ದು. ಎದೆಗೆ ಗಾಯವಾದವರಿಗೆ ಹೊಲಿಯುವ ರವಿಕೆ. ಎದುರು ಮನೆಯ ಮುದುಕಿಗೆ ಇವರು ಹೊಲಿದುಕೊಟ್ಟಿದ್ದನ್ನು ಕಂಡಿದ್ದೆ.

"ಏನ್ರಿ ಇದು?"

ಕರಿಬಸಪ್ಪ ದೋಣಿಯ ಅಂಚು ಹಿಡಿದುಕೊಂಡರು. "ಎದೆ ಒಳಗಿನ ಕವಾಟ ಸರಿಯಾಗಿ ಮುಚ್ತಿಲ್ವಂತೆ. ನಾಲ್ಕು ತಿಂಗಳ ಹಿಂದೆ ಏದುಸಿರಿಗೆ ಅಂತ ನಿನ್ ಎಕ್ಸ್‌ರೇ ತೆಗೆಸಿದ್ವಲ್ಲ, ಆವಾಗ ಡಾಕ್ಟ್ರು ನನ್ನ ಹೊರಗೆ ಕರೆದು ಹೇಳಿದ್ರು. ಮೇಲೆ ಹೋಗಿ ಆಪರೇಷನ್ ಮಾಡಿಸ್ಬೇಕು. ಶನಿವಾರ ದಿನ ಕೊಟ್ಟಾರೆ. ಅಲ್ಲೀ ತನಕ ನಿನ್ ಮನಸ್ಸಿಗೆ ಒಂದಿಷ್ಟೂ ಬೇಜಾರ್ ಆಗ್ಬಾರ್ದು, ಯಾರೂ ಎದುರು ಮಾತಾಡ್ಬಾರ್ದು ಅಂದ್ರು."

ನಾಲ್ಕು ತಿಂಗಳ ಹೂಂಗಳೆಲ್ಲ ಒಂದೊಂದಾಗಿ ನನಗೆ ಅರ್ಥವಾದವು. ಬೆಳಗ್ಗೆ ಎಂಟಕ್ಕೇ ಹೊರಟಿದ್ದು ಸೊಪ್ಪಿನ ದೋಣಿಗಾಗಿ. ಟಪಾಲು ದೋಣಿಗೆ ಸಂಕಟಪಟ್ಟಿದ್ದು ಅದಕ್ಕೇ. ನನಗೆ ಎದುರಾಗಿ ಒಂದು ಮಾತೂ ಆಡದೆ ಪರರ ಜಗಳಗಳ ಮೇಲೆ ನನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಆಸ್ಪತ್ರೆಗೆ ಏರಿಸುವುದು ಇವರ ಉಪಾಯ. ಬೇರೆ ಹೆಂಗಸಾಗಿದ್ದರೆ ಅಳುತ್ತಿದ್ದಳು. ನನಗೂ ಅಳು ಬಂತು, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು.

"ನನ್ನೆದೆ ವಿಷ್ಯ ಡಾಕ್ಟ್ರು ನಿಮ್ಗ್ ಹೇಳಿದ್ರಾ? ನೀವಿಬ್ರೂ ಕೂತ್ಕೊಂಡು ತೀರ್ಮಾನ ಮಾಡಿದ್ರಾ? ನಾನೇನು ನಿಮ್ ಅಂಗ್ಡಿಗೆ ಬಂದಿರೋ ಬಟ್ಟೆ ಪೀಸಾ, ಹೇಳ್ದೆ ಕೇಳ್ದೆ ಕತ್ರಿ ಹಾಕೋಕೆ? ನಾಲ್ಕು ತಿಂಗ್ಳು, ಏನ್ರಿ! ನಾಲ್ಕು ತಿಂಗ್ಳು ನಾನು ನೀವು ನನ್ನ ಕೈಬಿಟ್ರಿ ಅಂತ ತಿಳ್ಕೊಂಡೆ!"

ಅವರ ತುಟಿ ಅಲುಗಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನೀರು ನಿಂತಲ್ಲೇ ನಿಂತಿತ್ತು. ಇನ್ನೂ ಏನೇನೋ ಕೂಗಿದೆ. ನನಗೆ ಏದುಸಿರು ಹತ್ತಿತು. ಅವರು ಬಾಯಿಂದ ಕೈ ತೆಗೆಯಲೇ ಇಲ್ಲ. ಮೈಲಾರಿಗೂ ಏನೋ ಗೊತ್ತಾಗಿರಬೇಕು, ಅತ್ತ ತಿರುಗಿ ನಿಂತಿದ್ದ.

"ಹಂಗಾದ್ರೆ ಬ್ಯಾಡ ಬಿಡ್ರಿ," ಎಂದು ಕುಳಿತುಬಿಟ್ಟೆ. "ಮೈಲಾರಿ, ಹಿಂದಿನ ಬಾಗ್ಲು ತೆಗಿಯಪ್ಪ. ಮನೆಗೆ ಹೋಗ್ತೀವಿ."

"ಹೋಗಂಗಿಲ್ಲ!" ಕರಿಬಸಪ್ಪ ಎದ್ದು ನಿಂತ ರಭಸಕ್ಕೆ ದೋಣಿ ಓಲಾಡಿತು. "ಹೋಗಂಗಿಲ್ಲ ಅಂದ್ನಲ್ಲ! ನಾಲ್ಕು ತಿಂಗಳಿಂದ ಹೊಟ್ಟೇಲಿ ಬೆಂಕಿ ಇಟ್ಕೊಂಡು ಹೂಂ ಅಂತ ಕೂತಿದೀನಿ ನಾನು! ಹೇಳಿದ್ರೆ ಬರ್ತಿದ್ಯೇನೆ ನೀನು?"

"ಬರ್ತಿರ್ಲಿಲ್ಲ!"

"ಅದ್ಕೇ ಹೇಳ್ಲಿಲ್ಲ!"

"ಹೇಳ್ಬೇಕಿತ್ತು! ಮತ್ತೆ ಅರವತ್ತೊಂದು ಅಂತ ಯಾರ್ ಬರ್ಸಿದ್ದು? ನನಗೆ ಐವತ್ತೊಂಬತ್ತು!"

"ಎರಡು ವರ್ಷದಿಂದ ಐವತ್ತೊಂಬತ್ತೇ ಐತಲ್ಲೇ ನಿಂದು!"

ದೋಣಿಯ ಅಡಿಯಲ್ಲಿ ಗುಳುಗುಳು ಸದ್ದಾಯಿತು. ನೀರು ಏರುತ್ತಿತ್ತು. ನಾನು ಉಸಿರಿಗೆ ನಿಂತರೆ ಅವರು ಹೆದರಿ ಬಾಯಿ ಮುಚ್ಚುತ್ತಿದ್ದರು, ನೀರೂ ನಿಲ್ಲುತ್ತಿತ್ತು. ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿಸಿ, "ಆಯ್ತಾ? ಶುರು ಮಾಡ್ಲಾ?" ಎಂದು ಕೇಳಿ ಮತ್ತೆ ಕೂಗುತ್ತಿದ್ದರು. ರವಿಕೆಯ ಅಳತೆ ಯಾವಾಗ ತೆಗೆದರು ಎಂಬುದರ ಮೇಲೆ ಅರ್ಧ ಗೋಡೆ ಏರಿದೆವು. ನಾನು ಮಲಗಿದ್ದಾಗ ಟೇಪು ಹಿಡಿದಿದ್ದರಂತೆ. ಕಳ್ಳ ಎಂದೆ. ಗೊರಕೆ ಹೊಡೆಯುವವಳ ಅಳತೆ ತೆಗೆಯುವುದು ಎಷ್ಟು ಕಷ್ಟ ನಿನಗೇನು ಗೊತ್ತು ಎಂದರು. ಬಾಗಿಲು ತೆರೆಯಿತು. ಮೈಲಾರಿ ಚಪ್ಪಲಿ ಮೆಟ್ಟಿಕೊಂಡು ದಂಡೆಯ ಹಾದಿಯಲ್ಲಿ ಮುಂದೆ ನಡೆದ.

ನಾಲ್ಕನೇ ಕದದವರೆಗೆ ಕಾಲುವೆ ಇಕ್ಕಟ್ಟು. ಎರಡೂ ಕಡೆ ಜೊಂಡು. ಅವರು ಹುಟ್ಟು ಹಾಕಿದರು. ನಾನು ಕೇಳಿದ್ದಕ್ಕೆ ಎಲ್ಲ ಹೇಳಿದರು, ಎಲ್ಲಿ ಕೊಯ್ಯುತ್ತಾರೆ, ಎಷ್ಟು ಹೊತ್ತು, ನೂರರಲ್ಲಿ ಎಷ್ಟು ಜನ ಎದ್ದು ಬರುತ್ತಾರೆ. ಕವಾಟ ಎಂದರೆ ಕದವೇ ಅಲ್ಲವೇ, ಹೊರಗೆ ನಾಲ್ಕು ಸಾಲದೆಂದು ಒಳಗೂ ಒಂದು ಎಂದು ಹಂಗಿಸಿದೆ. ಅವರು ನಗಲಿಲ್ಲ.

ನಾಲ್ಕನೇ ಕದದ ತೊಟ್ಟಿಯ ತಳದಿಂದ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ನಾಲ್ಕೂವರೆಯಾಗಿತ್ತು. ನನ್ನ ದೊಡ್ಡ ಜಗಳ ಕೆಳಗೇ ಖರ್ಚಾಗಿತ್ತು. ಇಬ್ಬರೂ ಮನೆಯ ಡಬ್ಬಿಗಳನ್ನು ಕೊಡವುವವರಂತೆ ಹಳೆಯದನ್ನೆಲ್ಲ ಕೊಡವಿದೆವು. ಅವರ ತಂಗಿಯ ಜಿಪುಣತನಕ್ಕೆ ಎರಡು ಗೇಣು. ಹಿತ್ತಲಿನ ನುಗ್ಗೆಮರ ಕಡಿಸಿದ್ದಕ್ಕೆ ಒಂದು ಮೊಳ. ನನ್ನ ಅಣ್ಣನ ವಿಚಾರ ಮತ್ತೆ ತೆಗೆದೆ, ಮೊದಲ ಕದದಲ್ಲಿ ತಪ್ಪಾಯಿತು ಎಂದುಬಿಟ್ಟಿದ್ದರಿಂದ ಅದು ಹುಸಿಯಾಯಿತು. ಮುಕ್ಕಾಲು ಏರಿ ನೀರು ನಿಂತಿತು. ಮೈಲಾರಿ ಬೀಗ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತಿದ್ದ. "ಅಕ್ಕಾ, ಏನಾದ್ರೂ ನೆನಪು ಮಾಡ್ಕೊಳಕ್ಕ," ಎಂದ.

ನನಗೆ ಏನೂ ನೆನಪಾಗಲಿಲ್ಲ. ಎದೆ ಡವಗುಟ್ಟುತ್ತಿತ್ತು. ಜಮಖಾನೆಯ ಮೇಲೆ ಒರಗಿಕೊಂಡೆ. ಜಗಳಕ್ಕೆಂದು ಆಡಿದ ಮಾತಲ್ಲ ಅದು, ಒಳಗೆ ಇದ್ದದ್ದು ಹೊರಗೆ ಬಂತು. "ಸಾಕು ಬಿಡ್ರಿ. ಟೇಬಲ್ ಮೇಲೆ ಸಾಯೋದಕ್ಕೆ ಇಷ್ಟು ಕಷ್ಟ ಯಾಕೆ ಪಡ್ಬೇಕು? ನಂಗೆ ಗೊತ್ತೈತೆ, ನಾನ್ ಸಾಯ್ತೀನಿ."

"ಸಾಯಲ್ಲ."

"ಸಾಯ್ತೀನಿ ಕಣ್ರಿ. ನನ್ನ ಮೈ ನಂಗ್ ಗೊತ್ತಾಗಲ್ವಾ?"

"ನಿನ್ ಮೈ ಅಳತೆ ನಿಂಗಿಂತ ನಂಗ್ ಚೆನ್ನಾಗ್ ಗೊತ್ತೈತೆ. ಸಾಯಲ್ಲ."

"ನೂರಕ್ಕೆ ಹತ್ತು ಜನ ಸಾಯ್ತಾರೆ ಅಂತ ನೀವೇ ಅಂದ್ರಲ್ಲ!"

"ತೊಂಬತ್ತು ಜನ ಬದುಕ್ತಾರೆ ಅಂತ ಅಂದೆ! ಕಿವಿ ಎಲ್ಲಿಟ್ಟಿದ್ದೆ?"

"ಆ ಹತ್ರಾಗೆ ನಾನ್ ಒಬ್ಳು!"

"ಅಲ್ಲ! ನೀನ್ ಸತ್ರೆ ನಾನ್ ಊರಿಗೆ ಹೆಂಗ್ ಹೋಗ್ಲೇ? ಒಬ್ನಿಗೆ ಕದ ತೆಗೀತಾರಾ?"

"ಮೆಟ್ಲು ಇಳ್ಕೊಂಡ್ ಹೋಗ್ರಿ!"

"ಸಾವಿರದ ಒಂಬೈನೂರು ಮೆಟ್ಲು! ನನ್ ಮಂಡಿ ನೋಡೀಯಾ? ನಾನ್ ಇಳಿಯಲ್ಲ! ಈ ಕದದಾಗೇ ಕೂತಿರ್ತೀನಿ, ನೀನ್ ಬರೋ ತನಕ ಕೂತಿರ್ತೀನಿ!"

"ಸತ್ತೋಳು ಎಲ್ಲಿಂದ ಬರ್ತಾಳ್ರೀ!"

"ಸಾಯಲ್ಲ ಅಂತ ಹೇಳ್ತಾ ಇದೀನಲ್ಲೇ, ಹಠಮಾರಿ! ಒಂದು ಸಲ, ಜೀವನದಾಗೆ ಒಂದೇ ಒಂದು ಸಲ ನನ್ ಮಾತು ನಿಜ ಅಂತ ಒಪ್ಕೊಂಡ್ರೆ ನಿನ್ ಗಂಟೇನ್ ಹೋಗ್ತೈತೆ!"

"ಒಪ್ಪಲ್ಲ! ಸಾಯ್ತೀನಿ!"

"ಸಾಯಲ್ಲ!"

ಇಬ್ಬರೂ ಅಳುತ್ತಾ ಕೂಗುತ್ತಿದ್ದೆವು. ನೀರು ಎಷ್ಟು ಹೊತ್ತಿಗೆ ತೊಟ್ಟಿಯ ಬಾಯಿಗೆ ಬಂತೋ ತಿಳಿಯದು. ಮುಂದಿನ ಬಾಗಿಲು ತೆರೆದದ್ದೂ ತಿಳಿಯದು. ನೀರು ತೊಟ್ಟಿಯ ಅಂಚು ದಾಟಿ ಮೈಲಾರಿಯ ಕಾಲ ಮೇಲೆ ಹರಿಯುತ್ತಿತ್ತು. ಅವನು ಈ ಸಲ ಚಪ್ಪಲಿ ಎತ್ತಿಡುವುದನ್ನು ಮರೆತಿದ್ದ, ಬರಿಗಾಲಲ್ಲಿ ನಿಂತು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ನಾವು ಹೊರಗೆ ಬಂದ ಮೇಲೆ ಹಿಂದೆ ಬೀಗ ಬಿದ್ದ ಸದ್ದು ಕೇಳಿಸಿತು.

ಮೇಲ್ಕೆರೆ ಬಂತು. ಸಂಜೆಯ ಬಿಸಿಲು, ನೀರು, ಆಚೆ ದಡದಲ್ಲಿ ಆಸ್ಪತ್ರೆಯ ಬಿಳಿ ಗೋಡೆ. ಇದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರಂತೆ. ಕರಿಬಸಪ್ಪ ಹುಟ್ಟು ನಿಲ್ಲಿಸಿ, "ಚೆನ್ನಾಗೈತಲ್ವಾ?" ಎಂದರು.

"ಏನ್ ಚೆನ್ನಾಗಿರೋದು, ಮೂರು ಹಳ್ಳದ ನೀರು ಒಂದ್ಕಡೆ ನಿಂತೈತೆ."

"ಹೋಗೇ, ನಿನ್ ಕಣ್ಣಿಗೆ ಪೊರೆ ಬಂದೈತೆ," ಎಂದರು. "ಎಷ್ಟ್ ಚೆನ್ನಾಗೈತೆ ನೋಡು."

ಕದವಿಲ್ಲದ ಕಡೆ, ಏರುವ ಅಗತ್ಯವೇ ಇಲ್ಲದ ಬಯಲು ನೀರಿನಲ್ಲಿ, ಒಂದು ಒಳ್ಳೆಯ ಎದುರು ಮಾತನ್ನು ಸುಮ್ಮನೆ ಖರ್ಚು ಮಾಡಿದರು. ನಮ್ಮ ಊರಿನವರು ಕಂಡಿದ್ದರೆ ದುಂದುಗಾರ ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತೆ. ಅವರು ಎಡ ಬಲ ಸರಿಯಾಗಿ ಹುಟ್ಟು ಹಾಕದೆ ದೋಣಿಯನ್ನು ಜೊಂಡಿಗೆ ನುಗ್ಗಿಸಿದರು.

ಇವತ್ತು ಶುಕ್ರವಾರ. ಆಸ್ಪತ್ರೆಯ ಮಂಚದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮುಂದೆ ಗುಂಡಿಯ ರವಿಕೆ ತೊಟ್ಟಿದ್ದೇನೆ. ಎಡ ತೋಳು ಒಂದು ಬೆರಳು ಬಿಗಿ, ಉಳಿದದ್ದೆಲ್ಲ ನಲವತ್ತು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಕೂತಿದೆ. ಎಡ ತೋಳಿನ ವಿಚಾರವನ್ನು ಎತ್ತಿಟ್ಟಿದ್ದೇನೆ. ಕರಿಬಸಪ್ಪ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಾರೆ, ನೋಡಲು ಚೆನ್ನಾಗಿಲ್ಲ. ನಿನ್ನೆಯ ಜಗಳ ತೀರ್ಮಾನವಾಗಿಲ್ಲ. ಎಚ್ಚರವಿರುವಾಗಲೆಲ್ಲ ಅವರು ಸಾಯಲ್ಲ ಎನ್ನುತ್ತಾರೆ, ನಾನು ಸಾಯ್ತೀನಿ ಎನ್ನುತ್ತೇನೆ. ನಾಳೆ ಬೆಳಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಯಾರ ಮಾತು ಸರಿ ಎಂದು ಗೊತ್ತಾಗುತ್ತದೆ. ಈ ಮನುಷ್ಯನ ಎದುರು ನಾನು ಒಂದು ಜಗಳದಲ್ಲೂ ಸೋತವಳಲ್ಲ. ಇದೊಂದರಲ್ಲಿ ಸೋಲಬೇಕೆಂದು ನನಗೆ ಬಹಳ ಆಸೆಯಾಗಿದೆ. ಅವರಿಗೆ ಹೇಳುವುದಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.